ಚೆಂಬಿನ ಸದ್ದು

“ಅಕ್ಕ, ಇದು ಹಾಕೊಂಡ್ರೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳ್ಸಲ್ಲ,” ಎಂದು ಯಾಸಿರ್ ಇಯರ್‌ಫೋನಿನ ಡಬ್ಬಿಯನ್ನು ಹೆಮ್ಮೆಯಿಂದ ನೀಲಾವತಿಯ ಮುಂದಿಟ್ಟ.

“ಅಯ್ಯೋ, ಅದೇ ಬ್ಯಾಡ ಕಣಣ್ಣ. ನಂಗೆ ಪಾಠನೂ ಕೇಳ್ಬೇಕು, ಪಟಾಕಿನೂ ಕೇಳ್ಬೇಕು.”

ಚಾಮರಾಜನಗರದ ಬಸ್ ನಿಲ್ದಾಣದ ಹತ್ತಿರದ ಆ ಪುಟ್ಟ ಅಂಗಡಿಯಲ್ಲಿ ಯಾಸಿರ್ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಬರುವವರೆಲ್ಲ ಲೋಕವೇ ಮುಳುಗಿದರೂ ತಮಗೆ ಕೇಳಿಸಬಾರದು ಎನ್ನುವವರು. ಅವನು ಕಿವಿಯೊಳಗೆ ಹೋಗದೆ ಹೊರಗೇ ಕೂರುವ ಹೊಸ ನಮೂನೆಯದೊಂದನ್ನು ತೆಗೆದ. ಬೆಲೆ ಕೇಳಿದ ನೀಲಾವತಿ ಅದನ್ನು ಮುಟ್ಟಲೂ ಇಲ್ಲ. ಕೊನೆಗೆ ಕೆಳಗಿನ ಖಾನೆಯಿಂದ ಧೂಳು ಹಿಡಿದ ಹಳೇ ಮಾದರಿಯೊಂದು ಹೊರಬಂತು. ರಬ್ಬರಿನ ಬಿರಡೆ ಇಲ್ಲದ್ದು, ಬರೀ ಪ್ಲಾಸ್ಟಿಕ್ಕು, ಕಿವಿಯ ಬಾಯಲ್ಲಿ ಸಡಿಲವಾಗಿ ಕೂರುವಂಥದ್ದು.

“ಇದು ಈಗ ಯಾರೂ ಕೇಳಲ್ಲ ಅಕ್ಕ. ಹೊರಗಿನ ಗಲಾಟೆಯೆಲ್ಲ ಒಳಗೆ ಬರ್ತದೆ.”

ನೀಲಾವತಿ ಅದನ್ನು ಮೊಬೈಲಿಗೆ ಸಿಕ್ಕಿಸಿ, ಅರ್ಥಶಾಸ್ತ್ರದ ಪಾಠ ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ ನಿಂತಳು. “ಅಣ್ಣ, ಆ ಟೀ ಲೋಟಕ್ಕೆ ಬೀಗದ ಕೈಲಿ ಮೆಲ್ಲಗೆ ಒಡೀರಿ. ಯಾವಾಗ ಅಂತ ಏಳ್ಬ್ಯಾಡಿ.” ಯಾಸಿರ್ ಮುಸಿಮುಸಿ ನಗುತ್ತ ಹೊಡೆದ. ಅವಳ ಬೆರಳು ಮೇಲೆದ್ದಿತು. ಬಸ್ಸಿನ ಹಾರ್ನ್ ಕೂಗುವಾಗ ಹೊಡೆದ, ಆಗಲೂ ಎದ್ದಿತು. “ಏನಕ್ಕ ಇದು, ಆಟ?” ಎಂದು ಕೇಳಿದ. “ಆಟ ಅಲ್ಲ ಕಣಣ್ಣ. ಮಾತು ಬರದ ನಮ್ಮತ್ತೆ ಇಂಗೇ ಕರೆಯೋದು,” ಎಂದಳು. ಅವನ ನಗು ಅಲ್ಲಿಗೇ ನಿಂತಿತು.

ಅತ್ತೆ ದೊಡ್ಡಮಲ್ಲಮ್ಮನ ಮಾತು ಲಕ್ವ ಹೊಡೆದ ದಿನವೇ ಹೋಗಿತ್ತು. ಒಂದು ಕಾಲಕ್ಕೆ ಅವರೂರು ಚಂದಕವಾಡಿಯ ಬೀದಿ ತುದಿಯವರೆಗೂ ಕೇಳುತ್ತಿದ್ದ ಬಾಯಿ ಅದು. ಅದರ ಏಟು ಸೊಸೆಗೆ ಚೆನ್ನಾಗಿಯೇ ಗೊತ್ತಿತ್ತು. ಈಗ ಉಳಿದದ್ದು ಆಡುವ ಎಡಗೈ, ಮಂಚದ ಪಕ್ಕದಲ್ಲೊಂದು ಹಿತ್ತಾಳೆ ಚೆಂಬು, ಅದಕ್ಕೆ ಬಡಿಯಲು ಒಂದು ಚಮಚ. ಟಣ್ ಎಂದರೆ ನೀಲಾವತಿ ಬರಬೇಕು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಸೊಸೆಯ ಕಾಲವೂ ಆ ಚೆಂಬಿನ ಹಿಂದೆ ಓಡುವುದರಲ್ಲೇ ಕಳೆಯುತ್ತಿತ್ತು.

ಹೋದ ತಿಂಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತ, ಹಳೆಯ ಇಯರ್‌ಫೋನನ್ನು ಕಿವಿಗೆ ಜಡಿದುಕೊಂಡು ಪಾಠ ಕೇಳುತ್ತಿದ್ದಳು. ಚೆಂಬು ಎಷ್ಟು ಹೊತ್ತು ಬಡಿದುಕೊಂಡಿತೋ ದೇವರೇ ಬಲ್ಲ. ಮುದುಕಿ ತಾನೇ ಏಳಲು ಹೋಗಿ ಬಿದ್ದು ಹಣೆ ಒಡೆದುಕೊಂಡಳು. ಗಂಡ ಶಾಂತರಾಜು ಇಯರ್‌ಫೋನನ್ನು ನೀರೊಲೆಗೆ ಎಸೆದ. ತಪ್ಪು ತನ್ನದೇ ಎಂದು ನೀಲಾವತಿಯ ಕರುಳೇ ಹೇಳುತ್ತಿತ್ತು. ಆದರೆ ಪಿಯುಸಿಯಲ್ಲಿ ಉಳಿದುಹೋದ ಆ ಒಂದು ವಿಷಯ ಪಾಸಾಗದೆ ಊರಿನ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ. ಕೂತು ಓದಲು ಬಿಡುವಿಲ್ಲ, ಮೊಬೈಲಿನ ಸ್ಪೀಕರ್ ಎಂದೋ ಕೆಟ್ಟಿದೆ. ಬೇಡಿ ಬೇಡಿ ಒಪ್ಪಿಸಿದಾಗ ಶಾಂತರಾಜು ತಾಯಿಯ ಮಂಚದ ಪಕ್ಕದಲ್ಲೇ ನಿಂತು ಹೇಳಿದ್ದ: “ತಕ್ಕೊ ಓಗು. ಇನ್ನೊಂದ್ಸಲ ನಮ್ಮವ್ವ ಕರ್ದುದ್ದು ಕೇಳ್ನಿಲ್ಲ ಅಂದ್ರೆ ನಿನ್ ಪರೀಕ್ಸೆ ಅವತ್ತೇ ಮುಗೀತು ಕಣಮ್ಮಿ.”

ಅಂಗಡಿಯಿಂದ ತಂದ ಮಾರನೆಯ ದಿನ ಗಂಡ ಕೆಲಸಕ್ಕೆ ಹೋದ ಮೇಲೆ ನೀಲಾವತಿ ಹೊಸ ವೈರನ್ನು ಅತ್ತೆಗೆ ತೋರಿಸಿದಳು. “ಇದ್ರಲ್ಲಿ ನೀವು ಕರ್ದುದ್ದೂ ಕೇಳ್ತದೆ ಅತ್ತೆ. ಎದ್ರಬ್ಯಾಡಿ.” ಹೇಳಿದಂತೆಯೇ ಆಯಿತು. ನೀರಿಗೆ ಟಣ್ ಎಂದಿತು, ಬಂದಳು. ದಿಂಬು ಜಾರಿತು, ಬಂದಳು. ನಡುಗುವ ಕೈಯಲ್ಲಿದ್ದ ಚಮಚ ತಾನಾಗಿ ಚೆಂಬಿಗೆ ತಾಗಿದ್ದಕ್ಕೂ ಸೋಪಿನ ಕೈಯಲ್ಲೇ ಓಡಿಬಂದಳು. ಏನೂ ಬೇಡ ಎಂದು ತಲೆಯಾಡಿಸಿದ ಮುದುಕಿ, ಸೊಸೆಯ ಕಿವಿಯಿಂದ ಜಾರಿ ನೇತಾಡುತ್ತಿದ್ದ ವೈರನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ ಕೂತಾಗ ಪಾಠದ ಜೊತೆಗೇ ಎಲ್ಲವೂ ಕೇಳುತ್ತಿತ್ತು: ಕಾಗೆ, ಪಕ್ಕದ ಮನೆಯ ಪುಟ್ಟಮಾದಮ್ಮ ಕರುವನ್ನು ಬೈಯುವುದು, ರಸ್ತೆಯ ಟ್ರ್ಯಾಕ್ಟರು. ಚೆಂಬು ಮಾತ್ರ ಸುಮ್ಮನಿತ್ತು. ತಿಂಗಳ ಮೇಲೆ ಒಂದು ಪಾಠ ಮೊದಲಿಂದ ಕೊನೆಯವರೆಗೆ ಮುಗಿಯಿತು. ಅವಳಿಗೆ ಖುಷಿಯಾಯಿತು. ಮರುಗಳಿಗೆಯೇ, ಇಷ್ಟು ಹೊತ್ತೂ ಚೆಂಬು ಬಡಿಯಲೇ ಇಲ್ಲವಲ್ಲ ಎಂದು ಒಳಗೆ ಓಡಿದಳು.

ದೊಡ್ಡಮಲ್ಲಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ತುಟಿ ಒಣಗಿತ್ತು, ಹಾಸಿಗೆ ನೆನೆದಿತ್ತು. “ಯಾಕತ್ತೆ ಕರೀನಿಲ್ಲ? ಕೇಳ್ತದೆ ಅಂದಿದ್ನಲ್ಲ!” ನೀಲಾವತಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಮುದುಕಿ ಎಡಗೈ ಎತ್ತಿ ತನ್ನ ಕಿವಿಯನ್ನು ಮುಟ್ಟಿಕೊಂಡಳು. ಆಮೇಲೆ, ಹೋಗು ಹೋಗು ಎನ್ನುವಂತೆ ಹಿತ್ತಲ ಕಡೆ ಕೈಯಾಡಿಸಿದಳು.

ಒದ್ದೆ ಹಾಸಿಗೆ ತೆಗೆಯುವಾಗ ಚಮಚ ಕೆಳಗೆ ಬಿತ್ತು. ಸದ್ದಾಗಲಿಲ್ಲ. ಅದರ ತಲೆಗೆ ಸೀರೆಯಂಚಿನಿಂದ ಹರಿದ ಬಟ್ಟೆಯೊಂದನ್ನು ಸುತ್ತಿ ಗಂಟು ಹಾಕಿತ್ತು. ಒಂದೇ ಕೈಯವಳು ಹಲ್ಲಿನಿಂದ ಕಚ್ಚಿ ಎಳೆದ ಆ ಗಂಟು, ನೀಲಾವತಿಯ ಎರಡು ಕೈಗೂ ಬಿಚ್ಚಲಿಲ್ಲ.