ತುಂಬುತೋಳಿನ ಅಂಗಿ

ನನಗೆ ಅರಳುಮರಳು ಅಂತೀರಾ? ಬಾಯಿ ಮುಚ್ಚಿಕೊಂಡು ಕೇಳಿ, ಇದು ಕಣ್ಣಾರೆ ಕಂಡದ್ದು.

ಮೆಡಿಕಲ್ ಪ್ರವೇಶ ಪರೀಕ್ಷೆ ಬರೆಯಲು ಅಕ್ಕತಂಗಿ ಇಬ್ಬರು ಬಂದಿದ್ದರು. ಗೇಟಿನಲ್ಲಿ ಕಾವಲುಗಾರ ತಂಗಿಯನ್ನು ತಡೆದ. "ತುಂಬುತೋಳಿನ ಅಂಗಿ ಹಾಕಿದ್ರೆ ಬಿಡಲ್ಲಮ್ಮ. ಇನ್ನೈದು ನಿಮಿಷಕ್ಕೆ ಗೇಟು ಬಂದ್." ಆಮೇಲೆ ಅಕ್ಕನ ಕಡೆ ತಿರುಗಿದ. "ನೀನು ಮಾತ್ರ ಅರೆತೋಳು ಹಾಕ್ಕೊಂಡು ಬಂದಿದೀಯ, ಇವಳಿಗೆ ಹೇಳ್ಬಾರ್ದಾ?"

ಅಕ್ಕ ಬೇಕೆಂದೇ ಹೇಳಿರಲಿಲ್ಲ. ಎರಡು ಸಲ ಬರೆದು ಫೇಲಾದವಳು. ಮೊದಲ ಸಲ ಬರೆಯುವ ತಂಗಿ ಅಣಕು ಪರೀಕ್ಷೆಯಲ್ಲೆಲ್ಲ ಅವಳನ್ನು ಹಿಂದೆ ಹಾಕಿದ್ದಳು.

"ಅವಳನ್ನ ಬೈಬೇಡಿ ಸಾರ್," ತಂಗಿ ಬಿಕ್ಕಿದಳು. "ನಂಗೆ ಪಾಠ ಹೇಳ್ಕೊಡೋ ಗಡಿಬಿಡೀಲಿ ಮರ್ತಿದಾಳೆ, ಅಷ್ಟೆ."

ಅಕ್ಕನ ಮುಖ ಕಪ್ಪಿಟ್ಟಿತು. ತಂಗಿಯ ಅಂಗಿತೋಳಿನ ಹೊಲಿಗೆಗೆ ಹಲ್ಲು ಹಾಕಿ ಎರಡು ತೋಳನ್ನೂ ಪರ್ರನೆ ಹರಿದಳು. "ಹೋಗೇ, ಡಾಕ್ಟ್ರಾಗಿ ಸಾಯಿ!" ಎಂದು ಬೆನ್ನಿಗೊಂದು ಗುದ್ದಿ ಒಳಗೆ ತಳ್ಳಿದಳು.

ಹೊಟ್ಟೆಕಿಚ್ಚು ಆರಿತೆಂದುಕೊಳ್ಳಬೇಡಿ, ಗುದ್ದು ಜೋರಾಗಿಯೇ ಬಿತ್ತು. ಅಕ್ಕತಂಗಿಯರಿರುವ ಮನೆಗಳಿಗೆಲ್ಲ ಇದನ್ನು ದಾಟಿಸಿ.