ಎಣ್ಣೆ ಹಚ್ಚಿದ ಮಗು

ಬಿಸಿಲೇರುವವರೆಗೆ ಭೂಮಿಯ ಹಿಡಿತ ಸಡಿಲವಾಗಿರುತ್ತಿದ್ದುದರಿಂದ ಊರಿನ ಮಕ್ಕಳ ಉಡಿದಾರಕ್ಕೆಲ್ಲ ಕಲ್ಲು ಕಟ್ಟಿರುತ್ತಿತ್ತು. ದೊಡ್ಡವರಿಗೆ ಮೈಭಾರವೇ ಸಾಕು.

ನಾಗವೇಣಿ ಬೆಳಬೆಳಗ್ಗೆ ತನ್ನ ತಾರಸಿಯ ಮೇಲೆ ಕೈಯೆತ್ತಿ ಎಗರುತ್ತಿದ್ದಳು. ಓರೆಗಣ್ಣು ಮಾತ್ರ ಪಕ್ಕದ ತಾರಸಿಯಲ್ಲಿ. ಅಲ್ಲಿ ಗಿರಿಜಕ್ಕ ರಜೆಗೆ ಬಂದ ಮೊಮ್ಮಕ್ಕಳಿಗೆ ಎಣ್ಣೆ ಹಚ್ಚುತ್ತಿದ್ದರು. ನೆಟ್ಟಗೆ ನೋಡಿದರೆ "ಮಕ್ಕಳಿಗೆ ದೃಷ್ಟಿಯಾಗುತ್ತೆ" ಎಂದು ಜಗಳಕ್ಕೇ ಬರುವ ಹೆಂಗಸು.

"ಏನೇ ನಾಗು, ಈ ವಯಸ್ಸಲ್ಲಿ ಕಪ್ಪೆ ಹಾಗೆ ಕುಪ್ಪಳಿಸ್ತೀಯಲ್ಲ!"

"ಮಂಡಿ ಹಿಡ್ಕೊಂಡಿದೆ, ಗಿರಿಜಕ್ಕ."

ಸೊಂಟಕ್ಕೆ ಎಣ್ಣೆ ತಿಕ್ಕಲೆಂದು ಗಿರಿಜಕ್ಕ ಕಿರಿಯವಳ ಕಲ್ಲು ಬಿಚ್ಚಿಟ್ಟರು. ಮಗುವನ್ನು ಹಿಡಿದುಕೊಂಡೇ ಇದ್ದರು, ಆದರೆ ಎಣ್ಣೆಗೆ ಯಾರ ಮುಲಾಜು? ಮಗು ಅಜ್ಜಿಯ ಕೈಯಿಂದ ಜಾರಿ, ಕಿಲಕಿಲ ನಗುತ್ತಲೇ ಮೇಲೇರಿ, ಗಾಳಿಗೆ ಇತ್ತ ತೇಲಿ ಬಂತು. ನಾಗವೇಣಿ ಎಗರಿದಳು. ಮಗುವಿನ ಎಣ್ಣೆಗಾಲು ಕೈಯಿಂದ ಜಾರಿತು, ಕಾಲ್ಗೆಜ್ಜೆ ಬೆರಳಿಗೆ ಸಿಕ್ಕಿತು.

ಗಿರಿಜಕ್ಕ ಬಿಚ್ಚಿಟ್ಟ ಕಲ್ಲನ್ನು ಹಿಡಿದು ಓಡಿಬಂದು ಗೋಡೆಯಾಚೆಯಿಂದ ಮಗುವಿಗೆ ಕೈಚಾಚಿದರು. "ಅಷ್ಟೆತ್ತರಕ್ಕೆ ಹೇಗೆ ಎಗರಿದೆಯೇ?"

ನಾಗವೇಣಿ ಮೊದಲು ಅವರ ಕೈಯಿಂದ ಕಲ್ಲನ್ನು ತೆಗೆದುಕೊಂಡು ಮಗುವಿನ ಉಡಿದಾರಕ್ಕೆ ಬಿಗಿದು, ಆಮೇಲೆ ಮಗುವನ್ನು ಕೊಟ್ಟಳು.

"ನನ್ನ ಮಗ ಹೀಗೇ ತೇಲಿಹೋದಾಗ ಒಂದು ಗೇಣಿನಷ್ಟರಲ್ಲಿ ಕೈಗೆ ಎಟುಕಲಿಲ್ಲ, ಅಕ್ಕ" ಎಂದಳು. ಕೈಗಂಟಿದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಎಗರತೊಡಗಿದಳು.