ಮಾವನ ಕಾರು ಹೊರಡದ ಶನಿವಾರ

ಪುಳಿಯೋಗರೆ ಗೊಜ್ಜು ಕುದಿಯುವ ವಾಸನೆ ಬಂದರೆ ನನಗೆ ಈಗಲೂ ಮಾವನ ಬಗ್ಗೆ ತಿರಸ್ಕಾರವೇ ಹುಟ್ಟುತ್ತದೆ.

ಮಾವ ಎಂದರೆ ಸೋದರತ್ತೆಯ ಗಂಡ. ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿ ಮೂರೇ ತಿಂಗಳಿದ್ದು ಬಂದಿದ್ದರು. ಆ ಶನಿವಾರ ಅಜ್ಜಿಯನ್ನು ಕಾರಿನಲ್ಲಿ ಮಾಗಡಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದರು. ಅಲ್ಲಿ ಅಜ್ಜಿಯ ತಂಗಿ ಹಾಸಿಗೆ ಹಿಡಿದಿದ್ದಳು. ಬಸವನಗುಡಿಯ ನಮ್ಮ ಮನೆಯಲ್ಲಿ ಅಜ್ಜಿ ಬೆಳಗಾಗುವ ಮೊದಲೇ ಪುಳಿಯೋಗರೆ ಕಲಸಿ ಬುತ್ತಿ ಕಟ್ಟಿಟ್ಟು ಕಾಯುತ್ತಿದ್ದಳು. ಮಾವ ಬಂದವರೇ ನೆಲದ ಮೇಲೆ ಅಮೆರಿಕದ ಮ್ಯಾಪ್ ಹರಡಿದರು. ಅದು ನಡುಮನೆಯನ್ನೆಲ್ಲ ತುಂಬಿತ್ತೆಂದು ನೆನಪು; ನಾನೇ ತೀರಾ ಚಿಕ್ಕವಳಿದ್ದೆನೋ ಏನೋ.

“ನೋಡಿ ಅತ್ತೆ, ಅಲ್ಲಿ ಬೆಳಿಗ್ಗೆ ಹೊರಟ್ರೆ ಸರೋವರ, ಗುಹೆ ಎಲ್ಲಾ ನೋಡ್ಕೊಂಡು ಸಂಜೆಗೆ ಮನೇಲಿರ್ತೀವಿ. ಎಲ್ಲಾ ಪ್ಲಾನಿಂಗು. ನಮ್ಮೋರಿಗೆ ಅದೇ ಬರಲ್ಲ.”

ಅವರ ಮಾತು ಮುಗಿಯುವಷ್ಟರಲ್ಲಿ ಒಂಬತ್ತು ದಾಟಿತ್ತು.

“ಅಯ್ಯೋ, ರಾಹುಕಾಲ ಬಂದ್ಬಿಡ್ತಲ್ಲ! ಇನ್ನು ಕಾರು ತೆಗೆಯೋ ಹಾಗಿಲ್ಲ. ಮುಂದಿನ ವಾರ ನೋಡೋಣ. ಆ ಬುತ್ತಿ ಬಿಚ್ಚಿ, ಹಸಿವಾಗ್ತಿದೆ.”

ರಾಹುಕಾಲದಲ್ಲಿ ಎಂದೂ ಹೊಸಿಲು ದಾಟದ ಅಜ್ಜಿ ಅಳಿಯನಿಗೆ ಎಲೆ ಹಾಕಿ ಬಡಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿ ನನ್ನ ಕೈ ಹಿಡಿದಳು.

“ಬಾರೇ, ಮಾರ್ಕೆಟ್ಟಲ್ಲಿ ಮಾಗಡಿ ಬಸ್ ಸಿಗತ್ತೆ.”

“ಅತ್ತೆ, ರಾಹುಕಾಲ!” ಎಂದರು ಮಾವ, ಬಾಯಿ ತುಂಬ ಅನ್ನ ಇಟ್ಟುಕೊಂಡು.

“ಅದು ನಿಮ್ಮ ಕಾರಿಗೆ ಅಳಿಯಂದ್ರೇ,” ಎಂದಳು ಅಜ್ಜಿ, ಹೊಸಿಲ ಆಚೆಯಿಂದ. “ಬಸ್ಸಿಗಿಲ್ಲ.”